ಬಣ್ಣ ಹಚ್ಚದ ಮನೆ

ಚೀಟಿ ಎತ್ತಿದ್ದು ಅಬ್ದುಲ್ ಗನಿಯವರೇ.

ಫೆಬ್ರುವರಿಯ ಕೊನೆಯ ವಾರ. ಅಫಜಲಪುರದ ಆ ಓಣಿಯಲ್ಲಿ ಬೇವಿನ ಗಿಡದ ಕೆಳಗೆ ಹತ್ತು ಮನೆಯವರು ಸೇರಿದ್ದರು. ಹತ್ತೂ ತಗಡಿನ ಛಾವಣಿಯ ಮನೆಗಳು. ಎಂಜಿನಿಯರ್ ಮೈತ್ರಿ ಸ್ಟೀಲ್ ಡಬ್ಬಿಯಲ್ಲಿ ಹತ್ತು ಚೀಟಿ ಮಡಚಿ ಹಾಕಿಕೊಂಡು ಒಬ್ಬೊಬ್ಬರ ಮುಂದೆ ಹಿಡಿಯುತ್ತ ಬಂದಳು. ಐದು ಚೀಟಿಗಳಲ್ಲಿ ‘ಈಗ’ ಎಂದು ಬರೆದಿತ್ತು, ಐದರಲ್ಲಿ ‘ಜೂನ್’.

ಗನಿಯವರು ಚೀಟಿ ಬಿಚ್ಚಿ, ಕನ್ನಡಕ ಏರಿಸಿಕೊಂಡು ಓದಿದರು. "ನಂದು ಜೂನ್ ಬಂತು ನೋಡ್ರಿ."

ಪಕ್ಕದ ಮನೆಯ ದಶರಥನಿಗೆ ‘ಈಗ’ ಬಂದಿತ್ತು. ಅವನಿಗೆ ಅದು ಸರಿ ಕಾಣಲಿಲ್ಲ. "ಮೇಡಂ, ಹಚ್ಚೂದಾದ್ರ ಎಲ್ಲಾರಿಗೂ ಒಮ್ಮೆಗೇ ಹಚ್ಚಬೇಕಿಲ್ಲೇನ್ರಿ? ಬ್ಯಾಸಗಿ ಏನು ನನ್ನ ಮನಿಗಷ್ಟೇ ಬರ್ತದಾ?"

ಮೈತ್ರಿ ಈ ಪ್ರಶ್ನೆಗೆ ಸಿದ್ಧಳಾಗಿಯೇ ಬಂದಿದ್ದಳು. ಕಲಬುರಗಿಯ ಸಣ್ಣದೊಂದು ಸಂಸ್ಥೆಯಲ್ಲಿ ಅವಳ ಕೆಲಸ. ತಗಡಿನ ಮೇಲೆ ಬಿಸಿಲನ್ನು ಹಿಂದಕ್ಕೆ ತಿರುಗಿಸುವ ಬಿಳಿ ಬಣ್ಣ ಹಚ್ಚಿದರೆ ಮನೆಯೊಳಗೆ ಎಷ್ಟು ತಂಪಾಗುತ್ತದೆ ಎಂದು ಅಳೆಯುವುದು. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ಊರುಗಳಲ್ಲಿ ಹತ್ತು ಹತ್ತು ಮನೆ. ಅಳತೆ ಗಟ್ಟಿಯಾಗಿದ್ದರೆ ಸರ್ಕಾರ ಸಾವಿರಾರು ಮನೆಗೆ ಬಣ್ಣ ಹಚ್ಚಿಸಲು ಒಪ್ಪುತ್ತದೆ. ಇಲ್ಲವಾದರೆ ಇದೂ ಒಂದು ಫೈಲಾಗಿ ಮೂಲೆ ಸೇರುತ್ತದೆ.

"ಎಲ್ಲಾರಿಗೂ ಹಚ್ಚಿಬಿಟ್ರ, ತಂಪಾಗಿದ್ದು ಬಣ್ಣದಿಂದನೋ, ಈ ವರ್ಷ ಬಿಸಲೇ ಕಡಿಮಿ ಇತ್ತೋ ಹೆಂಗ ಗೊತ್ತಾಗ್ತದರಿ?" ಎಂದಳು. "ಹಚ್ಚಿದ ಮನಿ ಬಾಜೂಕ ಹಚ್ಚಲಾರದ ಮನಿ ಇರ್ಬೇಕು. ಜೂನಿನ್ಯಾಗ ಅವಕ್ಕೂ ಹಚ್ಚೇ ಹಚ್ಚತೇವಿ."

ದಶರಥ ಇನ್ನೂ ಏನೋ ಹೇಳುವವನಿದ್ದ. ಗನಿಯವರೇ ಕೈ ಎತ್ತಿ ತಡೆದರು. "ಆಕಿ ಹೇಳೂದು ಖರೇ ಅದ ದಶರಥ. ಅಂಗಿದು ಎರಡು ತೋಳು ಬಾಜೂ ಬಾಜೂಕ ಇಟ್ಟು ನೋಡಿದ್ರನೇ ಯಾವುದು ಗಿಡ್ಡ ಅದ ಗೊತ್ತಾಗ್ತದ. ಒಂದೇ ತೋಳು ಹಿಡ್ಕೊಂಡು ಏನು ತಿಳೀತದ?"

ಗನಿಯವರು ಟೇಲರ್. ಐವತ್ತೆಂಟು ವರ್ಷ. ತೆಳ್ಳನೆಯ ಆಳು, ಮಾತು ಕಡಿಮೆ. ಒಂದೇ ಉದ್ದನೆಯ ಕೋಣೆಯ ಮನೆ. ಬಾಗಿಲ ಕಡೆಯ ಅರ್ಧದಲ್ಲಿ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಹಲಗೆ, ಇಸ್ತ್ರಿ ಪೆಟ್ಟಿಗೆ. ಒಳಗಿನ ಅರ್ಧದಲ್ಲಿ ಒಲೆ, ಟ್ರಂಕು, ಎರಡು ಮಂಚ. ಹೆಂಡತಿ ಹುಸೇನಬೀ ಗುಂಡಿ ಹಚ್ಚುವುದು, ಕಾಜಾ ಹೊಲಿಯುವುದು ಮಾಡುತ್ತಿದ್ದರು. ಒಬ್ಬಳೇ ಮಗಳು ಜಸ್ಮೀನಳನ್ನು ಗಡಿಯ ಹತ್ತಿರದ ಖಜೂರಿಗೆ ಕೊಟ್ಟಿದ್ದರು.

ಅವರ ಮನೆಯ ಗೋಡೆಗೆ ಮೈತ್ರಿ ಒಂದು ಮೀಟರು ತೂಗುಹಾಕಿದಳು. ಅಂಗೈಯಲ್ಲಿ ಹಿಡಿಯುವಷ್ಟು ಬಿಳಿ ಡಬ್ಬಿ. ಹತ್ತು ನಿಮಿಷಕ್ಕೊಮ್ಮೆ ಮನೆಯೊಳಗಿನ ಶಾಖವನ್ನು ತಾನೇ ದಾಖಲು ಮಾಡಿಕೊಳ್ಳುತ್ತಿತ್ತು. ಆ ಹೊತ್ತಿನ ಅಂಕಿ ಅದರ ಮುಖದ ಮೇಲೆ ಕಾಣುತ್ತಿತ್ತು. ಓದಿ ಬರೆಯುವ ಕೆಲಸ ಮನೆಯವರಿಗೆ ಇರಲಿಲ್ಲ. ಆದರೂ ಗನಿಯವರು ದಿನಕ್ಕೆ ಎರಡು ಸಲ, ಬೆಳಿಗ್ಗೆ ಹತ್ತಕ್ಕೂ ಮಧ್ಯಾಹ್ನ ಎರಡಕ್ಕೂ, ಎದ್ದುಹೋಗಿ ಅಂಕಿ ನೋಡಿ ಬಾಗಿಲ ಹಿಂದೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಬರೆದಿಡುತ್ತಿದ್ದರು.

"ಮೀಟರೇ ಬರಕೋತದ ಚಾಚಾ. ನೀವ್ಯಾಕ ತ್ರಾಸ ತಗೋತೀರಿ?" ಎಂದು ಮೈತ್ರಿ ಕೇಳಿದಳು.

"ಇಷ್ಟು ವರ್ಷ ಮಂದಿ ಮೈ ಅಳತಿ ಬರಕೊಂಡೀನಿ. ಈಗ ಮನಿ ಮೈ ಅಳತಿ ಬರಕೊಳ್ಳಾಕತ್ತೇನಿ. ಇರ್ಲಿ ಬಿಡ್ರಿ."

ಹದಿನೈದು ದಿನಕ್ಕೊಮ್ಮೆ ಅವಳು ಬಂದು ಮೀಟರಿನ ದಾಖಲೆ ತೆಗೆದುಕೊಂಡು ಹೋಗುತ್ತಿದ್ದಳು. ಬಂದಾಗಲೆಲ್ಲ ಹುಸೇನಬೀ ಚಹಾ ಮಾಡುತ್ತಿದ್ದರು. ಗನಿಯವರು ಯಂತ್ರ ನಿಲ್ಲಿಸಿ, ಬರೆದಿಟ್ಟ ಅಂಕಿಗಳನ್ನು ತೋರಿಸಿ, ದಶರಥನ ಮನೆಯದು ಎಷ್ಟಿದೆ ಎಂದು ಕೇಳುತ್ತಿದ್ದರು. ಅವನ ಮನೆಯಲ್ಲಿ ನಾಲ್ಕು ಡಿಗ್ರಿ ಕಡಿಮೆ ಇದೆ ಎಂದರೆ, ಆ ತಂಪು ತಮ್ಮ ಮನೆಯಲ್ಲೇ ಇದ್ದಷ್ಟು ಖುಷಿಯಿಂದ ತಲೆದೂಗುತ್ತಿದ್ದರು. ಇಷ್ಟು ಮನಸ್ಸಿಟ್ಟು ಈ ಕೆಲಸ ಮಾಡಿದವರು ಮೂವತ್ತು ಮನೆಗಳಲ್ಲಿ ಬೇರೆ ಯಾರೂ ಇರಲಿಲ್ಲ.

ಮೈತ್ರಿಗೆ ತಗಡಿನ ಮನೆ ಹೊಸದಲ್ಲ. ಆಳಂದದಲ್ಲಿ ಅವಳು ಬೆಳೆದದ್ದೂ ಅಂಥದ್ದರಲ್ಲೇ. ತಾಯಿ ದ್ರೌಪದಿ ಮನೆ ಕಟ್ಟುವಲ್ಲಿ ಕಲ್ಲು ಮಣ್ಣು ಹೊತ್ತು ಮಗಳನ್ನು ಓದಿಸಿದ್ದಳು. ಪಿಯುಸಿ ಓದುವಾಗ ಮೈತ್ರಿ ಓಢಣಿ ನೆನೆಸಿ ತಲೆಯ ಮೇಲೆ ಹಾಕಿಕೊಂಡು ಲೆಕ್ಕ ಮಾಡುತ್ತಿದ್ದಳು. ಕಾಲು ಗಂಟೆಯೊಳಗೆ ಅದು ಒಣಗಿ ಬಿರುಸಾಗುತ್ತಿತ್ತು. ಎಂಜಿನಿಯರಾದ ಮೇಲೆ ರಸ್ತೆ, ಸೇತುವೆ ಕೆಲಸಕ್ಕೆ ಕರೆದವರಿದ್ದರು. ಅವಳು ಇದನ್ನು ಆರಿಸಿಕೊಂಡಳು. ವರ್ಷದಿಂದ ವರ್ಷಕ್ಕೆ ಬಿಸಿಲು ಏರುತ್ತಿದೆ, ಎಸಿ ಹಾಕಿಸಿಕೊಳ್ಳಲಾಗದವರು ಏನು ಮಾಡಬೇಕು ಎಂದು ಯಾರಾದರೂ ಲೆಕ್ಕ ಹಾಕಬೇಕಲ್ಲ ಎನ್ನುವುದು ಅವಳ ಮಾತು. ಬಣ್ಣ ಹಚ್ಚದ ಮನೆಗಳೂ ಪಟ್ಟಿಯಲ್ಲಿರಬೇಕು ಎಂದು ಯೋಜನೆ ಬರೆದವಳೂ ಅವಳೇ. ಸಂಸ್ಥೆಯ ಮುಖ್ಯಸ್ಥ ಜಗದೇವ ಸರ್ ಅದನ್ನು ಓದಿ, "ಇದೇ ಇದರ ಗಟ್ಟಿತನ" ಎಂದು ಅಡಿಗೆರೆ ಎಳೆದಿದ್ದರು.

ಏಪ್ರಿಲ್ ನಡುವೆಯೇ ಅಂತರ ಸ್ಪಷ್ಟವಾಗಿತ್ತು. ಮೂರೂ ಊರಲ್ಲಿ ಬಣ್ಣ ಹಚ್ಚಿದ ಮನೆಗಳು ಮಧ್ಯಾಹ್ನ ನಾಲ್ಕರಿಂದ ಐದು ಡಿಗ್ರಿ ತಂಪಾಗಿದ್ದವು. ಮೈತ್ರಿ ಅಂಕಿಗಳನ್ನು ಜಗದೇವ ಸರ್ ಮುಂದೆ ಇಟ್ಟು ಕೇಳಿದಳು, "ಸರ್, ಇನ್ನುಳಿದ ಮನಿಗೂ ಈಗೇ ಹಚ್ಚಿಬಿಡೋಣೇನ್ರಿ? ಗೊತ್ತಾಗೂದು ಗೊತ್ತಾಗ್ಯದ."

ಜಗದೇವ ಸರ್ ಕೆಟ್ಟವರಲ್ಲ. ಸ್ವಲ್ಪ ಹೊತ್ತು ಯೋಚಿಸಿಯೇ ಹೇಳಿದರು. "ಏಪ್ರಿಲ್ ಅಂಕಿ ತೋರಿಸಿದ್ರ ಮೇ ತಿಂಗಳಿಂದು ಎಲ್ಲಿ ಅಂತಾರ. ಮಂದಿ ಸಾಯೂದು ಮೇದಾಗ, ಮೈತ್ರಿ. ಇನ್ನೊಂದು ತಿಂಗಳು ತಡಿ. ಮುಂದ ಹತ್ತು ಸಾವಿರ ಮನಿ ತಂಪಾಗ್ತಾವ."

ಅವಳು ಒಪ್ಪಿದಳು. ಒತ್ತಾಯಕ್ಕೆ ಒಪ್ಪಿದ್ದಲ್ಲ. ಆ ಮಾತು ಸರಿ ಎಂದೇ ಅವಳಿಗೆ ಅನಿಸಿತ್ತು.

ಮೇ ಶುರುವಾಗುವ ಹೊತ್ತಿಗೆ ಅಫಜಲಪುರದ ಐದು ಬಣ್ಣ ಹಚ್ಚದ ಮನೆಗಳಲ್ಲಿ ಲೆಕ್ಕಕ್ಕೆ ಉಳಿದದ್ದು ಎರಡೇ. ಒಂದು ಮನೆಯವರು ಕೆಲಸ ಹುಡುಕಿಕೊಂಡು ಸೊಲ್ಲಾಪುರಕ್ಕೆ ಹೋದರು. ಒಂದರ ಮೀಟರು ಬಿದ್ದು ಒಡೆಯಿತು. ಮತ್ತೊಂದರಲ್ಲಿ ಛಾವಣಿಯ ಕೆಳಗೆ ಥರ್ಮಾಕೋಲು ಹಾಕಿಸಿಕೊಂಡರು. ಉಳಿದ ಎರಡರಲ್ಲಿ ಗನಿಯವರದು ಒಂದು.

ಮೇ ಎರಡನೆಯ ತಾರೀಖು ಮಧ್ಯಾಹ್ನ ಗನಿಯವರು ಫೋನು ಮಾಡಿದರು. ಮೈತ್ರಿ ಜೇವರ್ಗಿಯಲ್ಲಿ ಒಂದು ಮನೆಯ ಏಣಿಯ ಮೇಲಿದ್ದಳು.

"ಮೇಡಂ, ಒಂದು ಮಾತು ಕೇಳ್ಬೇಕಿತ್ರಿ. ಪ್ರತಿ ವರ್ಷ ನಾವು ಮ್ಯಾಲ ಗೋಣಿಚೀಲ ಹಾಸಿ ನೀರು ಹೊಡೀತೇವಿ. ಈ ಸಲ ಶಾಲಿ ಬಟ್ಟಿ ಕೆಲಸ ಬಾಳ ಅದ. ಕುಂತು ಹೊಲಿಯೂದು ಕಠಿಣ ಆಗ್ಯದ. ಚೀಲ ಹಾಸಲೇನ್ರಿ? ನಿಮ್ಮ ಅಳತಿಗಿ ಏನರೆ ಫರಕ್ ಆಗ್ತದೋ ಏನೋ ಅಂತ ಕೇಳಿದೆ."

ಮೈತ್ರಿ ಏಣಿಯಿಂದ ಇಳಿಯಲಿಲ್ಲ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಏಣಿಯ ಮೆಟ್ಟಿಲು ಹಿಡಿದೇ ಮಾತಾಡಿದಳು.

"ಚೀಲ ಹಾಸಿದ್ರ ಲೆಕ್ಕ ಕೂಡಂಗಿಲ್ಲ ಚಾಚಾ. ನಿಮ್ಮ ಓಣ್ಯಾಗ ಎರಡೇ ಮನಿ ಉಳದಾವ. ಇಪ್ಪತ್ತನೇ ತಾರೀಖಿನ ತನಕ ಆಗ್ತದೇನು? ಇಪ್ಪತ್ತೊಂದಕ್ಕ ನಾನೇ ಬಂದು ಬಣ್ಣ ಹಚ್ಚಸ್ತೇನಿ, ಜೂನ್ ತನಕ ಕಾಯೂದು ಬ್ಯಾಡ."



"ಆಗ್ತದ ತಗೋರಿ," ಎಂದರು ಗನಿಯವರು. "ಇಷ್ಟು ದಿನ ಆಗ್ಯದ, ಇನ್ನೇನು ಹದಿನೆಂಟು ದಿನ."

"ನೀರು ಬಾಳ ಕುಡೀರಿ. ಮಧ್ಯಾಹ್ನ ದಶರಥ ಅಣ್ಣನ ಮನ್ಯಾಗ ಹೋಗಿ ಮಲಕೋರಿ."

"ಹೂಂ. ನೋಡ್ತೇನಿ."

ಆದರೆ ಮಧ್ಯಾಹ್ನವೇ ಅವರಿಗೆ ಕೆಲಸ. ಮೂರು ಶಾಲೆಗಳ ಯುನಿಫಾರ್ಮು ತಿಂಗಳ ಕೊನೆಗೆ ಮುಗಿಯಬೇಕಿತ್ತು. ಹುಸೇನಬೀ ಊಟವಾದ ಮೇಲೆ ದಶರಥನ ಮನೆಗೆ ಹೋಗಿ ಅವನ ಹೆಂಡತಿ ಸುವರ್ಣಾಳ ಜೊತೆ ಕುಳಿತು ಗುಂಡಿ ಹಚ್ಚುತ್ತಿದ್ದರು. ಯಂತ್ರವನ್ನು ಅಲ್ಲಿಗೆ ಒಯ್ಯುವಷ್ಟು ಜಾಗ ಆ ಮನೆಯಲ್ಲಿರಲಿಲ್ಲ. ಬಿಳಿ ಬಟ್ಟೆ ಕತ್ತರಿಸುವಾಗ ತುಂಡುಗಳು ಹಾರುತ್ತವೆಂದು ಗನಿಯವರು ಫ್ಯಾನು ಆರಿಸುತ್ತಿದ್ದರು. ಹಚ್ಚಿದರೂ ಅದು ಬಿಸಿಗಾಳಿಯನ್ನೇ ಎಳೆದು ತಲೆಯ ಮೇಲೆ ಸುರಿಯುತ್ತಿತ್ತು.

ಮೇ ಹನ್ನೊಂದರ ಬೆಳಿಗ್ಗೆ ಗಂಡ ಹೆಂಡತಿಗೆ ಸಣ್ಣ ಮಾತಾಯಿತು. ಚೀಲಗಳು ಹಿತ್ತಲಲ್ಲಿ ಮಡಚಿಟ್ಟಲ್ಲೇ ಇದ್ದವು. "ಏಣಿ ಹತ್ತಿ ನಾಕು ಚೀಲ ಹಾಸಾಕ ಆಗಲಾರದಷ್ಟು ಮೈಗಳ್ಳ ಆಗೀರಿ," ಎಂದರು ಹುಸೇನಬೀ. ಗನಿಯವರು ನಕ್ಕು ಯಂತ್ರದ ಮುಂದೆ ಕುಳಿತರು.

ಆವತ್ತು ಹನ್ನೆರಡಕ್ಕೆ ಕರೆಂಟು ಹೋಯಿತು. ಹುಸೇನಬೀ ಎರಡೂವರೆಗೆ ಪಕ್ಕದ ಮನೆಗೆ ಹೋದರು. ಹೋಗುವಾಗ ಗಂಡ ಕಾಲರಿಗೆ ಹೊಲಿಗೆ ಹಾಕುತ್ತಿದ್ದರು. ನಾಲ್ಕೂವರೆಗೆ ತಿರುಗಿ ಬಂದಾಗ ಯಂತ್ರದ ಮೇಲೆ ತೋಳು ಮಡಚಿ ಅದರ ಮೇಲೆ ತಲೆಯಿಟ್ಟುಕೊಂಡಿದ್ದರು. ನಿದ್ದೆ ಬಂದಿದೆ ಎಂದುಕೊಂಡು ಹುಸೇನಬೀ ಒಲೆಯ ಕಡೆ ಹೋಗಿ ಚಹಾಕ್ಕೆ ನೀರಿಟ್ಟರು. ಚಹಾ ಕುದಿದ ಮೇಲೆ ಬಂದು ಭುಜ ಮುಟ್ಟಿದರು. ಮೈ ಕೆಂಡದಂತೆ ಕಾದಿತ್ತು, ಬೆವರಿನ ಪಸೆಯೂ ಇರಲಿಲ್ಲ.

ದಶರಥ ಆಟೋ ತಂದು ಆಸ್ಪತ್ರೆಗೆ ಒಯ್ದ. ಅಷ್ಟರಲ್ಲಿ ಮುಗಿದುಹೋಗಿತ್ತು. ಹೃದಯ ನಿಂತು ಸಾವು ಎಂದು ವೈದ್ಯರು ಬರೆದರು.

ಮೈತ್ರಿಗೆ ಸಂಜೆ ದಶರಥ ಫೋನು ಮಾಡಿ ಹೇಳಿದ. ಮರುದಿನ ಅವಳು ಬರುವಷ್ಟರಲ್ಲಿ ಮಣ್ಣಾಗಿತ್ತು. ಮನೆ ತುಂಬ ಹೆಂಗಸರು. ಅವಳು ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ಗೋಡೆಯ ಮೇಲೆ ಮೀಟರು ಹಾಗೇ ತೂಗುತ್ತಿತ್ತು. ಅದನ್ನು ಮುಟ್ಟುವ ಧೈರ್ಯ ಅವಳಿಗಾಗಲಿಲ್ಲ. ಬಂದ ಬಸ್ಸಿಗೇ ತಿರುಗಿ ಹೋದಳು.

ಅವಳು ಹೋದದ್ದು ಆಳಂದಕ್ಕೆ, ತಾಯಿಯ ಹತ್ತಿರ. ದ್ರೌಪದಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೈತ್ರಿ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದಳು. ಚೀಲದ ಮಾತನ್ನೂ ಹೇಳಿದಳು.

ದ್ರೌಪದಿ ಮೊರ ಕೆಳಗಿಟ್ಟಳು. "ಆ ಮನಿ ನಂದಾಗಿದ್ರ ನೀ ಚೀಲ ಹಾಸಬ್ಯಾಡ ಅಂತಿದ್ದೇನು?"

ಮೈತ್ರಿ ಮೊರದೊಳಗಿನ ಒಂದು ಕಲ್ಲು ಆರಿಸಿ ಆಚೆ ಹಾಕಿದಳು.

"ಬೈಯಾಕ ಕೇಳವಲ್ಲೆ. ಅಂತಿದ್ದೇನು?"

"ಇಲ್ಲವ್ವಾ."

"ಹಂಗಾದ್ರ ಅದನ್ನ ಆಕಿ ಮುಂದ ಹೋಗಿ ಹೇಳು. ನನ್ನ ಮುಂದ ಹೇಳಿದ್ರ ಏನಾಗ್ತದ?"

ಮೂರನೆಯ ದಿನದ ಜಿಯಾರತ್ ಪ್ರಾರ್ಥನೆ ಮುಗಿದು ವಾರವಾದ ಮೇಲೆ ಮೈತ್ರಿ ಅಫಜಲಪುರಕ್ಕೆ ಹೋದಳು. ಹುಸೇನಬೀ ಗಂಡ ಸತ್ತವರು ಹಿಡಿಯುವ ಇದ್ದತ್ತಿನಲ್ಲಿದ್ದರು, ಸಾವಿನ ದಿನದಿಂದ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿರಲಿಲ್ಲ. ಖಜೂರಿಯಿಂದ ಮಗಳು ಜಸ್ಮೀನ ಬಂದಿದ್ದಳು. ಅರ್ಧ ಹೊಲಿದ ಅಂಗಿಗಳನ್ನೆಲ್ಲ ಬೇರೆ ಟೇಲರು ಒಯ್ದಿದ್ದ. ಯಂತ್ರದ ಮೇಲೆ ಚಾದರ ಹೊದಿಸಿತ್ತು. ಬಾಗಿಲ ಹಿಂದಿನ ಸೀಮೆಸುಣ್ಣದ ಅಂಕಿಗಳನ್ನು ಯಾರೂ ಒರೆಸಿರಲಿಲ್ಲ. ಕೊನೆಯ ಸಾಲಿನಲ್ಲಿ ಹನ್ನೊಂದನೆಯ ತಾರೀಖು, ಎರಡು ಗಂಟೆ, ನಲವತ್ನಾಲ್ಕು ಪಾಯಿಂಟ್ ಏಳು.

ಹುಸೇನಬೀ ತಾವಾಗಿಯೇ ಮಾತು ತೆಗೆದರು.

"ನನ್ನ ಕರುಳು ಏನು ಹಿಂಡ್ತದ ಗೊತ್ತದೇನು ಬೇಟಿ? ಆವತ್ತು ಮುಂಜಾನೆ ನಾ ಅವರಿಗೆ ಮೈಗಳ್ಳ ಅಂದೆ. ಚೀಲ ಹಾಸ್ರಿ, ಹಾಸ್ರಿ ಅಂತ ಹತ್ತು ದಿನದಿಂದ ಹೇಳಾಕತ್ತಿದ್ದೆ, ಈ ವರ್ಷ ಬ್ಯಾಡ ಬಿಡು ಅಂತಿದ್ರು. ಮೈಯಾಗ ಸುಖ ಇದ್ದಿದ್ದಿಲ್ಲೋ ಏನೋ. ಏಣಿ ಹತ್ತೂ ತಾಕತ್ತು ಇದ್ದಿದ್ದಿಲ್ಲೋ ಏನೋ. ಅದು ನನಗ ತಿಳೀಲಿಲ್ಲ. ಕಡೀ ಮಾತು ಅದೇ ಅಂದುಬಿಟ್ಟೆ."

ಮೈತ್ರಿ ಬರುವಾಗ ಬಸ್ಸಿನಲ್ಲಿ ಹೇಗೆ ಹೇಳಬೇಕೆಂದು ಜೋಡಿಸಿಕೊಂಡದ್ದೆಲ್ಲ ಅಲ್ಲಿಗೆ ಮರೆತುಹೋಯಿತು.

"ಮೈಗಳ್ಳತನ ಅಲ್ರಿ ಚಾಚಿ. ಅವರು ನನಗ ಫೋನ್ ಮಾಡಿ ಕೇಳಿದ್ರು, ಚೀಲ ಹಾಸಲೇನು ಅಂತ. ನಾನೇ ಬ್ಯಾಡ ಅಂದೆ. ನನ್ನ ಅಳತಿ ಕೆಡ್ತದ ಅಂತ ಬ್ಯಾಡ ಅಂದೆ."

ಜಸ್ಮೀನ ಒಲೆಯ ಹತ್ತಿರದಿಂದ ಎದ್ದು ನಿಂತಳು. ಹುಸೇನಬೀ ಅಲುಗಾಡಲಿಲ್ಲ.

"ನಿನಗ ಕೇಳಿದ್ರೇನು?"

"ಕೇಳಿದ್ರು. ಎರಡನೇ ತಾರೀಖು."

"ನನಗ್ಯಾಕ ಹೇಳ್ಲಿಲ್ಲ ಮತ್ತ?" ಎಂದರು ಹುಸೇನಬೀ. ಅದು ಮೈತ್ರಿಯನ್ನು ಕೇಳಿದ್ದಾಗಿರಲಿಲ್ಲ. ಆಮೇಲೆ ಗೋಡೆಯ ಮೇಲಿನ ಮೀಟರಿನ ಕಡೆ ಕೈ ಮಾಡಿದರು. "ಅದರಾಗ ಆವತ್ತಿಂದು ಬರದಿರ್ತದಲ್ಲ. ಎಷ್ಟಿತ್ತು?"

ಮೈತ್ರಿ ಮೀಟರು ಇಳಿಸಿ, ಚೀಲದಿಂದ ಲ್ಯಾಪ್‌ಟಾಪು ತೆಗೆದು ಜೋಡಿಸಿದಳು. "ಮೂರೂವರಿಗಿ ನಲವತ್ತೈದು ಪಾಯಿಂಟ್ ಎಂಟು."

"ಆಗ ದಶರಥನ ಮನ್ಯಾಗ? ನಾ ಕುಂತಿದ್ದೆನಲ್ಲ, ಅಲ್ಲಿ?"

ಅವಳು ಸುಳ್ಳು ಹೇಳಬಹುದಿತ್ತು. ಅಂಕಿ ಇಲ್ಲ ಎನ್ನಬಹುದಿತ್ತು. "ನಲವತ್ತು ಪಾಯಿಂಟ್ ಆರು," ಎಂದಳು.

ಹುಸೇನಬೀ ಬೆರಳು ಮಡಚಿ ಎಣಿಸಿದರು. ಐದು ಬೆರಳೂ ಮಡಚಿದ ಮೇಲೆ ಆ ಮುಷ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡರು.

"ಇನ್ನ ನೀ ಹೋಗು," ಎಂದರು. ದನಿ ಏರಿರಲಿಲ್ಲ.

ಮೈತ್ರಿ ಹೊರಗೆ ಬಂದಾಗ ಹಿಂದಿನಿಂದ ಜಸ್ಮೀನ ಬಾಗಿಲಿಗೆ ಬಂದಳು. "ನಮ್ಮ ಅಬ್ಬಾ ನನ್ನ ಜೋಡಿ ಫೋನಿನ್ಯಾಗೂ ನಿಮ್ಮ ಸುದ್ದಿನೇ ಹೇಳ್ತಿದ್ರು. ನಮ್ಮ ಮನೀನೂ ಒಂದು ಲೆಕ್ಕದಾಗ ಅದ ಅಂತಿದ್ರು," ಎಂದು ಹೇಳಿ ಬಾಗಿಲು ಮುಂದೆ ಮಾಡಿದಳು.

ಜೂನ್ ಮೊದಲ ವಾರ ಬಣ್ಣದವರು ಬಂದರು. ಪಟ್ಟಿಯಲ್ಲಿದ್ದ ಪ್ರಕಾರ ಗನಿಯವರ ಮನೆಗೂ ಹಚ್ಚಿದರು. ಹುಸೇನಬೀ ಬೇಡ ಎನ್ನಲಿಲ್ಲ, ಹಚ್ಚಿ ಎಂದೂ ಅನ್ನಲಿಲ್ಲ. ನಾಲ್ಕನೆಯ ದಿನಕ್ಕೆ ಮಳೆ ಹಿಡಿಯಿತು. ಆ ಬಿಳಿ ಛಾವಣಿಯ ಕೆಳಗೆ ಅವರು ಮಳೆಯ ಸದ್ದು ಕೇಳುತ್ತ ಇದ್ದತ್ತು ಕಳೆದರು.

ವರದಿ ಬರೆಯುವಾಗ ಮೈತ್ರಿ ಗನಿಯವರಿಗಾಗಿ ಒಂದು ಪುಟ ಬರೆದಳು. ಹನ್ನೊಂದನೆಯ ತಾರೀಖಿನ ಅಂಕಿಗಳು, ಸಾವಿನ ಹೊತ್ತು, ಮನೆಯವರು ಛಾವಣಿಗೆ ನೀರು ಹೊಡೆಯುವುದನ್ನು ನಮ್ಮ ಸೂಚನೆಯ ಮೇರೆಗೆ ನಿಲ್ಲಿಸಿದ್ದರು ಎಂಬ ಒಂದು ಸಾಲು. ಜಗದೇವ ಸರ್ ಅದನ್ನು ಎರಡು ಸಲ ಓದಿದರು. ಅವರ ಮುಖವೂ ಇಳಿದಿತ್ತು.

"ಆಸ್ಪತ್ರಿ ಕಾಗದದಾಗ ಹೃದಯ ಅಂತ ಅದ. ನಾವು ಡಾಕ್ಟರ್ ಅಲ್ಲ, ಮೈತ್ರಿ. ಶಾಖದಿಂದ ಸತ್ರು ಅಂತ ನಾವು ಹೆಂಗ ಬರಿಯೋಣು?"

"ಶಾಖದಿಂದ ಸತ್ರು ಅಂತ ನಾ ಬರದಿಲ್ಲ ಸರ್. ಏನಾಯ್ತು ಅಷ್ಟೇ ಬರದೀನಿ."

"ಇದೊಂದು ಪುಟ ಹಿಡ್ಕೊಂಡು ಇಡೀ ಯೋಜನಾನೇ ನಿಲ್ಲಿಸಿಬಿಟ್ರ? ಎಷ್ಟು ಮನಿ ಕೈಬಿಡ್ತಾವ ಯೋಚನೆ ಮಾಡು."

"ಈ ಪುಟ ಇಲ್ಲದಿದ್ರ ನನ್ನ ಸಹಿ ಇಲ್ರಿ."

ಕೊನೆಗೆ ಆ ಪುಟ ವರದಿಯ ಕೊಟ್ಟಕೊನೆಯಲ್ಲಿ, ಅಂಕಿ ಪಟ್ಟಿಗಳೆಲ್ಲ ಮುಗಿದ ಮೇಲೆ ಸೇರಿತು. ಆಗಸ್ಟಿನಲ್ಲಿ ಕಲಬುರಗಿಯಲ್ಲಿ ಸಭೆಯಾಯಿತು. ಅಧಿಕಾರಿಗಳು ಸರಾಸರಿ ಅಂತರ ಕೇಳಿದರು, ಬಣ್ಣ ಎಷ್ಟು ವರ್ಷ ಬಾಳುತ್ತದೆ ಎಂದು ಕೇಳಿದರು. ಹೋಲಿಕೆಗೆ ಬಣ್ಣ ಹಚ್ಚದ ಮನೆಗಳನ್ನು ಇಟ್ಟದ್ದು ಒಳ್ಳೆಯ ಕೆಲಸ ಎಂದು ಒಬ್ಬರು ಹೊಗಳಿದರು. ಮೈತ್ರಿ ವರದಿಯ ಪುಟ ತಿರುವುವ ಅವರ ಕೈಗಳನ್ನೇ ನೋಡುತ್ತ ಕುಳಿತಿದ್ದಳು. ಕೊನೆಯ ಪುಟದವರೆಗೆ ಯಾರೂ ಹೋಗಲಿಲ್ಲ. ಅವಳೇ ಎದ್ದು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಚಹಾ ಬಂತು, ಎಲ್ಲರೂ ಎದ್ದರು. ಮೂರೂ ಊರು ಸೇರಿ ಎರಡು ಸಾವಿರ ಮನೆಗೆ ಮಂಜೂರಾಯಿತು.

ಮರುವರ್ಷ ಮಾರ್ಚಿನಲ್ಲಿ ಜೇವರ್ಗಿಯಿಂದ ಕೆಲಸ ಶುರುವಾಯಿತು. ಅದರ ಹೊಣೆ ಮೈತ್ರಿಯದು. ಅಳತೆ ಮುಂದುವರಿಸಬೇಕು ಎಂಬ ಷರತ್ತಿತ್ತು. ಅವಳು ಈ ಸಲ ಬೇರೆ ರೀತಿ ಬರೆದಳು. ಮಾರ್ಚಿನಲ್ಲಿ ಹತ್ತು ದಿನ ಎಲ್ಲ ಮನೆಯನ್ನೂ ಬಣ್ಣವಿಲ್ಲದೆ ಅಳೆಯುವುದು, ಹೊರಗಿನ ಬಿಸಿಲನ್ನೂ ಅಳೆಯುವುದು. ಆಮೇಲೆ ಏಪ್ರಿಲ್ ಬರುವುದರೊಳಗೆ ಎಲ್ಲ ಮನೆಗೂ ಹಚ್ಚಿಬಿಡುವುದು. ಆ ಮನೆಗೆ ಆ ಮನೆಯೇ ಹೋಲಿಕೆ. ಮೇ ತಿಂಗಳಲ್ಲಿ ಯಾವ ಮನೆಯೂ ಬಣ್ಣವಿಲ್ಲದೆ ಉಳಿಯುವುದಿಲ್ಲ.

"ಅಂಕಿ ಅಷ್ಟು ಗಟ್ಟಿ ಆಗಂಗಿಲ್ಲ," ಎಂದರು ಜಗದೇವ ಸರ್.

"ಆಗಂಗಿಲ್ರಿ. ಆದ್ರ ಸಾಕಾಗ್ತದ."

ಅವರು ಮಾತು ಬೆಳೆಸದೆ ಸಹಿ ಮಾಡಿದರು.

ಏಪ್ರಿಲಿನಲ್ಲಿ ಅವಳು ಅಫಜಲಪುರದ ಓಣಿಗೆ ಹೋಗಬೇಕಾಯಿತು. ಗನಿಯವರ ಮನೆಯಲ್ಲಿ ಈಗ ಬಾಡಿಗೆಗೆ ಖಾಜಾ, ಫರಹೀನ ಎಂಬ ಗಂಡಹೆಂಡತಿ ಇದ್ದರು. ಬಾಗಿಲಿಗೆ ಹೊಸ ಹಸಿರು ಬಣ್ಣ ಬಿದ್ದಿತ್ತು. ಫರಹೀನ ತೊಟ್ಟಿಲಲ್ಲಿ ಕೂಸು ಮಲಗಿಸಿ ಹೊರಗೆ ಬಂದು, ಛಾವಣಿಯ ಮೇಡಂ ಇವರೇ ಎಂದು ತಿಳಿದು ಕೈ ಹಿಡಿದುಕೊಂಡಳು.

"ಇಡೀ ಮಧ್ಯಾಹ್ನ ಕೂಸು ಎಚ್ಚರಾಗಂಗಿಲ್ರಿ ಮೇಡಂ. ಮೊದಲಿನ ಮನ್ಯಾಗ ಮೈ ತುಂಬ ಬೆವರುಸಾಲಿ ಆಗಿದ್ವು. ನಿಮಗ ಅಲ್ಲಾ ಒಳ್ಳೇದು ಮಾಡ್ಲಿ."

ಮೈತ್ರಿ ಕೈ ಬಿಡಿಸಿಕೊಳ್ಳಲಾಗದೆ ನಿಂತಳು. ಮನೆಯೊಳಗೆ ತಂಪಿತ್ತು. ಯಂತ್ರ ಇದ್ದ ಜಾಗದಲ್ಲಿ ತೊಟ್ಟಿಲು ಇತ್ತು. ಹುಸೇನಬೀ ಎಲ್ಲಿದ್ದಾರೆ ಎಂದು ಕೇಳಿದಳು. ಇದ್ದತ್ತು ಮುಗಿದ ಮೇಲೆ ಖಜೂರಿಗೆ ಮಗಳ ಹತ್ತಿರ ಹೋದರೆಂದು ಫರಹೀನ ಹೇಳಿದಳು.

ಮುಂದಿನ ಭಾನುವಾರ ಮೈತ್ರಿ ಆಳಂದದಿಂದ ಖಜೂರಿಗೆ ಬಸ್ಸು ಹತ್ತಿದಳು. ಮಹಾರಾಷ್ಟ್ರದ ಕಡೆ ಹೋಗುವ ಲಾರಿಗಳು ಸಾಲಾಗಿ ನಿಂತಿದ್ದ ರಸ್ತೆಯ ಬದಿಗೆ ಜಸ್ಮೀನಳ ಮನೆ. ಮುಂದೆ ಸಣ್ಣ ಚಹಾದ ಅಂಗಡಿ. ಹುಸೇನಬೀ ಒಳಗಿನ ಕಟ್ಟೆಯ ಮೇಲೆ ಬೆಳ್ಳುಳ್ಳಿ ಬಿಡಿಸುತ್ತ ಕುಳಿತಿದ್ದರು. ಒಂದು ವರ್ಷದಲ್ಲಿ ತೀರ ಸಣ್ಣಗಾಗಿದ್ದರು. ಮೈತ್ರಿಯನ್ನು ನೋಡಿ ಗುರುತು ಹಿಡಿದರು, ಬಾ ಎನ್ನಲಿಲ್ಲ. ಅವಳು ಕಟ್ಟೆಯ ಕೆಳಗಿನ ಮೆಟ್ಟಿಲಲ್ಲಿ ಕುಳಿತಳು.

ಏನು ಹೇಳಲು ಬಂದಿದ್ದಾಳೆಂದು ಅವಳಿಗೇ ಸರಿಯಾಗಿ ತಿಳಿದಿರಲಿಲ್ಲ. ಎರಡು ಸಾವಿರ ಮನೆಯ ಸುದ್ದಿ ಹೇಳಿದಳು. ಈ ವರ್ಷ ಯಾವ ಮನೆಯನ್ನೂ ಬಣ್ಣ ಹಚ್ಚದೆ ಬಿಟ್ಟಿಲ್ಲ, ಅಳತೆಯ ರೀತಿ ಬದಲು ಮಾಡಿದ್ದೇನೆ ಎಂದು ಹೇಳಿದಳು. ಹುಸೇನಬೀ ಬೆಳ್ಳುಳ್ಳಿ ಬಿಡಿಸುತ್ತಲೇ ಕೇಳಿದರು.

"ಈಗ ಮಾಡೀಯಲ್ಲ ಹಿಂಗ," ಎಂದರು, ಎಲ್ಲ ಕೇಳಿದ ಮೇಲೆ. "ಇದು ಹೋದ ವರ್ಷನೂ ಮಾಡಾಕ ಬರ್ತಿತ್ತೇನು?"

ರಸ್ತೆಯಲ್ಲಿ ಲಾರಿಯೊಂದು ಹಾರ್ನು ಬಾರಿಸುತ್ತ ಹೋಯಿತು.

"ಬರ್ತಿತ್ರಿ," ಎಂದಳು. "ನನಗ ಹೊಳೀಲಿಲ್ಲ. ಮೊದಲನೇದ್ದು ಗಟ್ಟಿ ಅದ ಅಂತ ಅದನ್ನೇ ಹಿಡ್ಕೊಂಡೆ."

ಹುಸೇನಬೀ ಕೈಯಲ್ಲಿದ್ದ ಎಸಳನ್ನು ಬಟ್ಟಲಿಗೆ ಹಾಕಿದರು. ಮಡಿಲಿನ ಸಿಪ್ಪೆ ಕೊಡವಿದರು. ಮೈತ್ರಿ ಇನ್ನು ಹೋಗುವುದೇ ಸರಿ ಎಂದುಕೊಂಡು ಚೀಲ ಎತ್ತಿಕೊಂಡಳು.

"ಎಲ್ಲಿಗಿ ಹೊಂಟಿ?" ಎಂದರು ಹುಸೇನಬೀ. "ಇನ್ನಾ ಎರಡಾಗ್ಯದ. ಬಿಸಲು ಇಳದ ಮ್ಯಾಲ ಹೋಗು."

ಅಷ್ಟು ಹೇಳಿ ಮುಖ ತಿರುಗಿಸಿಕೊಂಡರು. ಜಸ್ಮೀನ ಒಳಗಿನಿಂದ ಒಂದು ತಂಬಿಗೆ ನೀರು ತಂದು ಮೈತ್ರಿಯ ಮುಂದೆ ಇಟ್ಟು ಅಂಗಡಿಗೆ ಹೋದಳು. ಮೈತ್ರಿ ನೀರು ಕುಡಿದು ಅದೇ ಮೆಟ್ಟಿಲ ಮೇಲೆ, ಗೋಡೆಯ ನೆರಳಿಗೆ ಸರಿದು ಕುಳಿತಳು. ಹುಸೇನಬೀ ಇನ್ನೊಂದು ಬೆಳ್ಳುಳ್ಳಿ ಗಡ್ಡೆ ಎತ್ತಿಕೊಂಡರು. ಐದರ ಬಸ್ಸು ಬರುವ ತನಕ ಇಬ್ಬರೂ ಹಾಗೇ ಕುಳಿತಿದ್ದರು.